ನೂರು ರೂಪಾಯಿಯ ಎಮ್ಮೆ ಆಟ

ಚೌಕಾಸಿ ಮಾಡದೆ ರೋಣದಲ್ಲಿ ಯಾರೂ ಕೊತ್ತಂಬರಿ ಕಟ್ಟನ್ನೂ ಮುಟ್ಟುವುದಿಲ್ಲ. ಇನ್ನು ಕಂಪ್ಯೂಟರ್ ಆಟವನ್ನು ಬಿಟ್ಟಾರೆಯೇ? ಇಂಥವು ಆಗುತ್ತಲೇ ಇರುತ್ತವೆ ಎಂದು ಇಲ್ಲಿರುವ ಮೂರು ಪ್ರಸಂಗಗಳಲ್ಲಿ ಮೊದಲನೆಯದನ್ನು ನನಗೆ ಹೇಳಿದವರು ಬಳೆ ಅಂಗಡಿಯ ಫಾತಿಮಾ ಚಾಚಿ. ಉಳಿದೆರಡಕ್ಕೆ ನಾನೇ ಸಾಕ್ಷಿ.

ಆಟ ಮಾಡಿದವನು ಚಾಚಿಯ ಮಗ. ಸಂತೆಯಲ್ಲಿ ತಪ್ಪಿಸಿಕೊಂಡ ಎಮ್ಮೆಯನ್ನು ಹಿಡಿಯುವ ಆಟ. ಎರಡು ವರ್ಷದ ದುಡಿಮೆ; ಮಾರಾಟ ತಾಯಿಯ ಬಳೆ ಅಂಗಡಿಯಲ್ಲೇ. ಸೀಡಿಗೆ ನೂರು ರೂಪಾಯಿ, ಪೈಸೆ ಇಳಿಸುವುದಿಲ್ಲ ಎಂಬುದು ಅವನ ಹಟ. ಕಡಲೆ ವ್ಯಾಪಾರಿಯಾದ ಅವನಪ್ಪನದು ಇನ್ನೊಂದು ಹಟ: ಬಕ್ರೀದ್ ಒಳಗೆ ಇಪ್ಪತ್ತು ಸೀಡಿ ಮಾರದಿದ್ದರೆ ಮಗ ಬಂದು ಕಡಲೆ ಅಂಗಡಿಯಲ್ಲಿ ಕೂರಬೇಕು.

೧. ಕರೆಯದೆ ಬಿಟ್ಟಿದ್ದು

ಶಿರೋಳದ ಹೆಣ್ಣುಮಗಳೊಬ್ಬಳು ಮಕ್ಕಳಿಗೆಂದು ಸೀಡಿಯನ್ನು ಅರವತ್ತಕ್ಕೆ ಕೇಳಿದಳು. ಇವನು ಆಗುವುದಿಲ್ಲ ಎಂದ. ಪದ್ಧತಿಯಂತೆ ಆಕೆ ಬೇಡ ಬಿಡು ಎಂದು ಹೊರಟಳು. ಹಿಂದಿನಿಂದ ಕರೆಯುತ್ತಾರೆಂದು ನಾಲ್ಕು ಹೆಜ್ಜೆಗೊಮ್ಮೆ ನಿಂತಳು, ಚಪ್ಪಲಿ ಸರಿಮಾಡಿಕೊಂಡಳು. ಇವನು ಕರೆಯಲೇ ಇಲ್ಲ. ಬಸ್ ನಿಲ್ದಾಣದವರೆಗೂ ಹೋಗಿ, ಬೆವರುತ್ತ ತಿರುಗಿ ಬಂದು ಚಾಚಿಯನ್ನೇ ತರಾಟೆಗೆ ತೆಗೆದುಕೊಂಡಳಂತೆ: "ಮಗಗ ಗಿರಾಕಿ ಕರಿಯೂದು ಕಲಿಸಿಲ್ಲೇನ್ರಿ? ನಾ ಖರೇನ ಬಸ್ ಹತ್ತಿಬಿಟ್ಟಿದ್ರ ಏನ್ ಗತಿ?"

೨. ಅರ್ಧ ದರ

ಪಕ್ಕದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ನಾನು, ಬಿ.ಕಾಂ. ಓದಿದ ಗರ್ವಕ್ಕೆ, ಅವನು ಊರಲ್ಲಿಲ್ಲದ ಒಂದು ದಿನ ಅರ್ಧ ದರದ ಬೋರ್ಡು ಹಾಕಿಸಿದೆ. ಮುಶಿಗೇರಿಯ ಹಿರಿಯರೊಬ್ಬರು ಅದನ್ನು ಓದಿ, ಹುಳ ಹತ್ತಿದೆಯೇ ಎಂದು ಕೇಳಿದರು. ಇಲ್ಲವೆಂದೆ. ಸೀಡಿಯನ್ನು ಮೂಸಿದರು, ಬಿಸಿಲಿಗೆ ಹಿಡಿದರು. ಆಮೇಲೆ ನಡುವಿನ ತೂತಿಗೆ ಬೆರಳಿಟ್ಟು, ನನ್ನನ್ನು ಕನಿಕರದಿಂದ ನೋಡಿ, "ನಡುವ ಆರಪಾರ ಕೊರದೈತಲ್ಲವ್ವಾ," ಎಂದು ಕೆಳಗಿಟ್ಟರು.

೩. ಕೊಸರು

ಬಕ್ರೀದಿಗೆ ಒಂದೇ ವಾರ. ಮಾರಿದ್ದು ಮೂರೇ ಸೀಡಿ. ಅವನಪ್ಪ ಬಂದು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಿವೃತ್ತ ಶಿಕ್ಷಕಿಯೊಬ್ಬರು ಚೌಕಾಸಿಯೇ ಮಾಡದೆ ನೂರರ ನೋಟು ಇಟ್ಟರು. ಇವನ ಮುಖ ಅರಳಿತು.

"ಇನ್ನ ಕೊಸರು ಹಾಕಪಾ," ಎಂದರು.

ಕಡಲೆ ಅಳೆದ ಮೇಲೆ ಪುಕ್ಕಟೆ ಒಂದು ಹಿಡಿ ಸುರಿಯುತ್ತಾರಲ್ಲ, ಆ ಕೊಸರು. ಆಟಕ್ಕೆ ಕೊಸರು ಇರುವುದಿಲ್ಲ ಎಂದು ಇವನು ತಿಳಿಹೇಳಿದ. ಅವರು ಮೆಲ್ಲಗೆ ನೋಟಿನ ಮೇಲೆ ಕೈಯಿಟ್ಟರು. ಅಪ್ಪ ಕೆಮ್ಮಿದರು. ಇವನು ಕಂಪ್ಯೂಟರಿನ ಮುಂದೆ ಕೂತು, ಆಟದೊಳಗೆ ಇನ್ನೊಂದು ಎಮ್ಮೆ ಬಿಟ್ಟು, ಹೊಸ ಸೀಡಿ ಮಾಡಿಕೊಟ್ಟ.

ನೂರು ರೂಪಾಯಿಗೆ ಎರಡು ಎಮ್ಮೆ ಎಂದು ಊರೆಲ್ಲ ಸುದ್ದಿ. ಒಬ್ಬರಂತೂ ಕರುವನ್ನೂ ಹಾಕಿಸಿಕೊಂಡು ಹೋದರು. ಐದು ದಿನದಲ್ಲಿ ಇಪ್ಪತ್ತೂ ಖಾಲಿ. ಕಡಲೆ ಅಂಗಡಿ ತಪ್ಪಿತೆಂದು ಇವನು ಪೇಢೆ ಹಂಚಿದ. ಪೇಢೆ ಬಾಯಿಗಿಟ್ಟ ಅಪ್ಪನ ಕಣ್ಣು ತುಂಬಿತ್ತು.

"ದರ ಇಳಸಲಿಲ್ಲ, ಗಿರಾಕೀನೂ ಬಿಡಲಿಲ್ಲ. ಹಿಂತಾ ವ್ಯಾಪಾರಸ್ಥನ್ನ ಕಂಪ್ಯೂಟರ್ ಮುಂದ ಕುಂಡ್ರಿಸಿ ಹಾಳ ಮಾಡಾಕತ್ತಿದ್ನೆಲ್ಲ. ನಾಳಿಂದ ಕಡ್ಲಿ ಅಂಗಡಿ ನಿಂದ."

ಆಟ ತಯಾರಿಸುವವರು ಯಾರಾದರೂ ಸಿಕ್ಕರೆ ತಪ್ಪದೆ ಹೇಳಿರಿ: ದರ ಇಳಿಸಬೇಡಿ, ಎಮ್ಮೆ ಕೊಡಿ. ಅಪ್ಪ ಎದುರಿಗೆ ಇಲ್ಲದಾಗ ಕೊಡಿ.