ಬೇಲಿಯಂಚಿನ ಅರೋನಿಯಾ

"ನಾನು ಒಂದು ಹಣ್ಣೂ ಮುಟ್ಟಿಲ್ಲ" ಎಂದ ವಾಲೆರ್ಯಾನನ ನಾಲಿಗೆ, ಹಲ್ಲು, ಗಲ್ಲ ಮೂರೂ ಮಸಿಕುಡಿಕೆಯಲ್ಲಿ ಅದ್ದಿ ತೆಗೆದಂತಿದ್ದವು.

"ಸುಳ್ಳು ಹೇಳೋದಾದ್ರೆ ಬಾಯಿ ಮುಚ್ಕೊಂಡು ಹೇಳಿ" ಎಂದಳು ಬೇಲಿಯಾಚೆಯ ತೋಟದ ಗೆನೊವೆಫಾ.

ಬೆಳಿಗ್ಗೆಯಷ್ಟೇ ಆತ ಹೆಂಡತಿ ಬೊಗ್ನಾಳ ಮುಂದೆ ಶಪಥ ಮಾಡಿ ಹೊರಟಿದ್ದ: "ಇನ್ನು ಅಂಗಡಿಯ ಅರೋನಿಯಾ ರಸ ಈ ಮನೆಯ ಹೊಸ್ತಿಲು ತುಳಿಯಕೂಡದು. ಭಾನುವಾರ ನಿನ್ನ ತಂಗಿಗೆ ನಮ್ಮ ಗಿಡದ್ದೇ ಕುಡಿಸ್ತೀನಿ." ಒಗರಿಗೆ ಹೆದರಿ ಯಾರೂ ಮೂಸದಿದ್ದ ಅಜ್ಜಿಯರ ಕಾಲದ ಪುಟ್ಟ ಕರಿ ಹಣ್ಣು ಅದು. ಈಗ ನೋಡಿ, ಔಷಧದಂಗಡಿಯವಳಿಂದ ಯೋಗದ ಮೇಷ್ಟ್ರವರೆಗೆ ಇಡೀ ಲೂಬ್ಲಿನ್ ಊರಿಗೆ ಅದೇ ಅಮೃತ! ವಾಲೆರ್ಯಾನ್ ಬಕೆಟ್ ಹಿಡಿದು ಊರಂಚಿನ ಕೈತೋಟಕ್ಕೆ ದಂಡಯಾತ್ರೆಯನ್ನೇ ಹೊರಟಿದ್ದ.

"ನನ್ನ ಗಿಡದ ಹಣ್ಣು ತಿನ್ನೋಕೆ ನಿಮ್ಮ ಅಪ್ಪಣೆ ಬೇಕೇನ್ರೀ? ನೆಟ್ಟಿದ್ದು ನಾನು."

"ನೆಟ್ಟಿದ್ದು ನೀವು. ಇದನ್ನ ಬರೆದಿದ್ದೂ ನೀವೇ."

ಆಕೆ ಚಾಚಿದ ಕಾಗದ ಐದು ವರ್ಷ ಹಳೆಯದು. ಅರೋನಿಯಾ ತಿಂದ ಹಕ್ಕಿಗಳು ತೋಟ ಸಂಘದ ಅಧ್ಯಕ್ಷರ ಬಿಳಿ ಕಾರಿಗೆ ನೇರಳೆ ಅಭಿಷೇಕ ಮಾಡಿದ್ದವು. ತನಿಖೆ ಶುರುವಾದಾಗ ನಮ್ಮ ವೀರ ಸಂಘಕ್ಕೆ ಬರೆದುಕೊಟ್ಟಿದ್ದ: 'ಬೇಲಿಯಂಚಿನ ಗಿಡಗಳು ನನ್ನವಲ್ಲ, ಗೆನೊವೆಫಾ ಅವರವು.' ಆಕೆ ಕಾರು ತೊಳೆದುಕೊಟ್ಟು, ಸಂಘದಿಂದ ಒಂದು ನಕಲು ಕೇಳಿ ಇಟ್ಟುಕೊಂಡಿದ್ದಳು. ಆಮೇಲೆ ಕೊಂಬೆ ಸವರಿ, ಗೊಬ್ಬರ ಹಾಕಿ, ಬಲೆ ಹೊದಿಸಿದಳು. ಈಗ ಗಿಡಗಳು ಹಣ್ಣಿನ ಭಾರಕ್ಕೆ ನೆಲ ಮುಟ್ಟುತ್ತಿವೆ.

ವಾಲೆರ್ಯಾನ್ ಕಾಗದವನ್ನು ಎರಡು ಸಲ ಓದಿದ. ಸಹಿ ಬೇರೆ ಮುತ್ತಿನಂತಿತ್ತು.

"ಭಾನುವಾರ ನಾದಿನಿ ಬರ್ತಾಳೆ, ತಾಯಿ. ಮನೇಲಿ ಮಾತು ಕೊಟ್ಟು ಬಂದಿದೀನಿ."

"ಕೀಳೋ ಆಳಿಗೆ ಐದು ಬಕೆಟ್ಟಿಗೆ ಒಂದು ಬಕೆಟ್. ಕೆಲಸದ ಹೊತ್ತಲ್ಲಿ ತಿನ್ನೋ ಹಾಗಿಲ್ಲ."

ತಾನೇ ನೆಟ್ಟ ಗಿಡದಡಿ ಸಂಜೆಯವರೆಗೆ ಕೂಲಿ ಮಾಡಿ, ಸೊಂಟ ಹಿಡಿದುಕೊಂಡು ಒಂದು ಬಕೆಟ್ ಮನೆಗೆ ತಂದ. ಒಗರು ಹೋಗಲೆಂದು ಎರಡು ದಿನ ಫ್ರೀಜರಿನಲ್ಲಿಟ್ಟು ರಸ ತೆಗೆದ. ಎಲ್ಲಿಂದ ಬಂತೆಂದು ಬೊಗ್ನಾ ಕೇಳಲಿಲ್ಲ; ಗೆನೊವೆಫಾ ಆಗಲೇ ಫೋನ್ ಮಾಡಿದ್ದಳು.

ಭಾನುವಾರ ನಾದಿನಿ ಇರ್ಮಿನಾ ಒಂದು ಗುಟುಕು ಕುಡಿದು ಕಣ್ಣರಳಿಸಿದಳು. "ಭಾವ, ನಮ್ಮ ತೋಟದಲ್ಲೂ ಅರೋನಿಯಾ ಇದೆ. ಹಿಡಿಯಷ್ಟೂ ಬಿಡಲ್ಲ. ನಿಮ್ಮ ಗಿಡ ಇಷ್ಟು ರಸ ತೆಗೆಯೋವಷ್ಟು ಬಿಡೋಕೆ ಏನು ಮಾಡಿದ್ರಿ?"

ಬೊಗ್ನಾ ಹುಬ್ಬೇರಿಸಿ ಗಂಡನತ್ತ ನೋಡಿದಳು. ವಾಲೆರ್ಯಾನ್ ಲೋಟ ಕೆಳಗಿಟ್ಟ.

"ನಮ್ಮದಲ್ಲ ಅಂತ ಬರೆದುಕೊಟ್ಟೆ."