ಗುಳಿಗೆಗೂ ಒಂದು ಏಕಾದಶಿ

ನಮ್ಮ ಕಾಕೂಗೆ ಹೆದರದ ಮನುಷ್ಯ ಮುಂಬೈಯ ಇಡೀ ವಡಾಲದಲ್ಲಿ ಇಲ್ಲ. ಕಾಕೂ ಹೆದರದ ವಸ್ತುವೂ ಇಡೀ ವಡಾಲದಲ್ಲಿ ಇಲ್ಲ! ಇವೆರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ಮದುವೆಯಾಗಿ ಮೈಸೂರಿನಿಂದ ಈ ಮನೆಗೆ ಬಂದಾಗ ನಾನೂ ಅದನ್ನೇ ಕೇಳಿಕೊಂಡೆ. ಉತ್ತರ ಸಿಗಲಿಲ್ಲ. ಸಿಕ್ಕಿದ್ದು ಒಂದರ ಮೇಲೊಂದು ಶಾಕು!

ಕಾಕೂ ಎಂದರೆ ನನ್ನ ಗಂಡನ ಚಿಕ್ಕಮ್ಮ, ತೀರಿಕೊಂಡ ಚಿಕ್ಕಪ್ಪನ ಹೆಂಡತಿ. ಧಾರವಾಡದ ಕಡೆಯವರು. ಅವರು ನಮ್ಮ ಜೊತೆಗಿದ್ದಾರೆ ಎಂದು ನಾನು ಹೇಳುತ್ತೇನೆ, ನಾವು ಅವರ ಜೊತೆಗಿದ್ದೇವೆ ಎಂದು ಅವರು ತಿದ್ದುತ್ತಾರೆ. ಅವರು ಬಂದರೆ ಬಿಲ್ಡಿಂಗಿನ ವಾಚ್‌ಮನ್ ನಿದ್ದೆಯಲ್ಲೇ ಎದ್ದು ನಿಲ್ಲುತ್ತಾನೆ. ಸೊಸೈಟಿಯ ಸೆಕ್ರೆಟರಿಯಂತೂ ಕಾಕೂ ಕಂಡರೆ ಸಾಕು, ಲಿಫ್ಟು ಬಿಟ್ಟು ಮೆಟ್ಟಿಲ ಕಡೆ ಓಡುತ್ತಿದ್ದರು. ಪಾಪ, ಕಾಕೂಗೆ ಲಿಫ್ಟೆಂದರೆ ಭಯ, ಅವರೂ ಮೆಟ್ಟಿಲನ್ನೇ ಹತ್ತುತ್ತಾರೆ ಎಂಬುದು ಸೆಕ್ರೆಟರಿಗೆ ಗೊತ್ತಿರಲಿಲ್ಲ. ನಾಲ್ಕು ಮಹಡಿ ಉದ್ದಕ್ಕೂ ನೀರಿನ ಟ್ಯಾಂಕಿನ ವಿಷಯಕ್ಕೆ ಬೈಸಿಕೊಳ್ಳುತ್ತಾ ಹತ್ತಿದ ಮೇಲೆ ಈಗ ಲಿಫ್ಟಿನಲ್ಲೇ ಹೋಗುತ್ತಾರೆ.

ಲಿಫ್ಟಷ್ಟೇ ಅಲ್ಲ. ಕುಕ್ಕರಿನ ಸೀಟಿ, ಹೊತ್ತಲ್ಲದ ಹೊತ್ತಿನ ಡೋರ್‌ಬೆಲ್ಲು, ಗೊತ್ತಿಲ್ಲದ ನಂಬರಿನ ಫೋನು, ಎಲ್ಲದಕ್ಕೂ ಕಾಕೂನ ಎದೆ ಧಸಕ್ ಎನ್ನುತ್ತದೆ. ಎಲ್ಲಕ್ಕಿಂತ ದೊಡ್ಡ ಭಯ ಲೋಕಲ್ ರೈಲಿನದು. ಅವರು ಸ್ಟೇಷನ್ನಿನ ಮೆಟ್ಟಿಲು ತುಳಿದು ಎಷ್ಟೋ ವರ್ಷಗಳಾಗಿದ್ದವು. ಮುಂಬೈಯಲ್ಲಿದ್ದೂ ಲೋಕಲ್ ಹತ್ತದವರನ್ನು ನಾನು ನೋಡಿದ್ದು ಇವರನ್ನೇ. ಅವರು ಹತ್ತುವುದಿಲ್ಲ, ಸರಿ. ಹತ್ತಿದವರನ್ನೂ ಬಿಡುವುದಿಲ್ಲವಲ್ಲ! ಒಮ್ಮೆ ಸಿಗ್ನಲ್ ಕೆಟ್ಟು ನನ್ನ ಗಂಡನ ಗಾಡಿ ತಡವಾಯಿತು. ಫೋನಿನ ಬ್ಯಾಟರಿಯೂ ಮುಗಿದಿತ್ತು. ಕಾಕೂ ಎಲ್ಲಿಗೆ ಫೋನು ಮಾಡಿದರೋ, ಯಾರಿಗೆ ಏನು ಹೇಳಿದರೋ ದೇವರೇ ಬಲ್ಲ. ಕುರ್ಲಾ ಸ್ಟೇಷನ್ನಿನ ಆ ಜನಜಂಗುಳಿಯಲ್ಲಿ ಧ್ವನಿವರ್ಧಕದಿಂದ ನನ್ನ ಗಂಡನ ಹೆಸರು ಮೊಳಗಿತು! ‘ಎಲ್ಲಿದ್ದರೂ ತಕ್ಷಣ ಮನೆಗೆ ಫೋನ್ ಮಾಡಬೇಕು, ಕಾಕೂ ಕಾಯುತ್ತಿದ್ದಾರೆ.’ ಆಫೀಸಿನವರು ಇವತ್ತಿಗೂ ನನ್ನ ಗಂಡನನ್ನು ಸಂಜೆ ಬೀಳ್ಕೊಡುವುದು ‘ಕಾಕೂ ಕಾಯ್ತಿದಾರೆ’ ಎಂದೇ.

ಇದು ಬರೀ ಸ್ವಭಾವವಲ್ಲ, ಕಾಯಿಲೆ, ಅದಕ್ಕೆ ವರ್ಷಗಳಿಂದ ಗುಳಿಗೆ ನಡೆಯುತ್ತಿದೆ ಎಂದು ನನಗೆ ತಿಳಿದದ್ದು ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ನಮ್ಮ ಮೈಸೂರಿನ ಮನೆಯಲ್ಲಿ ನೆಗಡಿಯನ್ನೂ ಪಿಸುಮಾತಿನಲ್ಲಿ ಹೇಳುವ ಪದ್ಧತಿ. ಇಲ್ಲಿ ನೋಡಿದರೆ, ಗಂಡಿನ ತಾಯಿ ಉಪ್ಪಿಟ್ಟಿನ ತಟ್ಟೆ ಹಿಡಿದು, “ಎಲ್ಲಾರೂ ಆರಾಮ ಇದ್ದೀರೇನ್ರಿ?” ಎಂದು ಬಾಯಿಮಾತಿಗೆ ಕೇಳಿದರು. ಕಾಕೂ ನೆಟ್ಟಗೆ ಕೂತರು.

“ಆರಾಮ ಎಲ್ಲೀದ್ರಿ? ನನಗ ಅಂಜಿಕಿ ಬ್ಯಾನಿ ಅದ. ಡಾಕ್ಟರ ಗುಳಿಗಿ ಕೊಟ್ಟಾರ. ಸಕ್ಕರಿ ಬ್ಯಾನಿಯವರು ತಗೊಳ್ಳೂದಿಲ್ಲೇನು? ಹಂಗ!”

ಮಾವ ಸೂರು ನೋಡಿದರು. ಮುಗಿಯಿತು, ಈ ಸಂಬಂಧ ಮೆಟ್ಟಿಲಿಳಿಯಿತು ಅಂದುಕೊಂಡೆ. ಗಂಡಿನ ತಾಯಿ ತಟ್ಟೆ ಕೆಳಗಿಟ್ಟು, ಕೈ ತೊಳೆಯುವ ನೆಪದಲ್ಲಿ ಕಾಕೂನ ಹಿಂದೆ ಅಡಿಗೆಮನೆಗೆ ಹೋದವರು ಅರ್ಧ ಗಂಟೆ ಹೊರಗೆ ಬರಲಿಲ್ಲ. ಬಾಗಿಲ ಮರೆಯಿಂದ ನನಗೆ ಕೇಳಿಸಿದ್ದಿಷ್ಟು: “ಖರೇ ಹೇಳ್ರಿ, ಯಾವ ಡಾಕ್ಟರ? ನನಗೂ ಹಿಂಗಽ ಆಗ್ತದ. ಒಂದ ಗುಳಿಗಿ ಕೊಡ್ರಿ, ನೋಡೋಣಂತ.” ಅದಕ್ಕೆ ಕಾಕೂ, “ಗುಳಿಗಿ ಏನ ಪ್ರಸಾದ ಏನ್ರಿ ಹಂಚ್ಲಿಕ್ಕೆ? ಡಾಕ್ಟರ ಪತ್ತಾ ಕೊಡ್ತೀನಿ, ಹೋಗಿ ತೋರಿಸ್ಕೋರಿ!” ಎಂದು ಬೈದರು. ಸಂಬಂಧ ಕುದುರಿತು. ಬೀಗಿತ್ತಿಯೂ ಈಗ ಅದೇ ಡಾಕ್ಟರ ಹತ್ತಿರ ಹೋಗುತ್ತಾರೆ.

ಮಾಟುಂಗಾದಲ್ಲಿ ಕ್ಲಿನಿಕ್ಕು ಇಟ್ಟಿರುವ ಆ ಡಾಕ್ಟರು ಮಂಗಳೂರಿನ ಕಡೆಯವರು, ಬಹಳ ತಾಳ್ಮೆಯ ಮನುಷ್ಯ. ಇಲ್ಲದಿದ್ದರೆ ಕಾಕೂನಂಥ ಪೇಷಂಟನ್ನು ಇಷ್ಟು ವರ್ಷ ಇಟ್ಟುಕೊಳ್ಳುವುದು ಸಾಧ್ಯವಿತ್ತೇ? ಕಳೆದ ಕೆಲವು ವರ್ಷಗಳಿಂದ ಗುಳಿಗೆ ಮೊದಲಿನಂತೆ ಕೆಲಸ ಮಾಡುತ್ತಿರಲಿಲ್ಲ. ಡಾಕ್ಟರು ಒಮ್ಮೆ ಹೆಚ್ಚಿಸಿದರು, ಮತ್ತೊಮ್ಮೆ ಹೆಚ್ಚಿಸಿದರು. ಕೆಲವು ತಿಂಗಳು ಚೆನ್ನಾಗಿರುವುದು, ಮತ್ತೆ ಅದೇ ರಾಗ.

“ಹೊಸದಾಗಿ ಬಂದ ಅಗಸ ಗೋಣಿ ಎತ್ತೆತ್ತಿ ಒಗದನಂತ. ಹಂಗಾಗೇದ ನಿಮ್ಮ ಗುಳಿಗಿ,” ಎಂದು ಕಾಕೂ ಒಮ್ಮೆ ನನ್ನೆದುರೇ ಅವರ ಮುಖಕ್ಕೆ ಹೇಳಿದರು. “ಇನ್ನೊಂದ ಸ್ವಲ್ಪ ಏರಸ್ರಿ.”

“ಇನ್ನು ಏರಿಸುವುದಿಲ್ಲ. ನಿಮ್ಮ ದೇಹಕ್ಕೆ ಅದು ರೂಢಿ ಆಗಿದೆ. ಏರಿಸಿದ್ರೆ ಅದಕ್ಕೂ ರೂಢಿ ಆಗ್ತದೆ. ನಾವು ನಿಧಾನಕ್ಕೆ ಇಳಿಸುವ ದಾರಿ ನೋಡುವ.”

“ಏರಸೂದಿಲ್ಲಂದ್ರ ಬಿಡ್ರಿ. ಮಾಟುಂಗಾದಾಗ ನಿಮ್ಮದೊಂದಽ ಅಂಗಡಿ ಅದ ಏನು?”

ನಾನು ನಾಚಿಕೆಯಿಂದ ನೆಲ ನೋಡಿದೆ. ಡಾಕ್ಟರು ನಕ್ಕು ಮುಂದಿನ ಭೇಟಿಯ ದಿನ ಕೊಟ್ಟರು. ಆ ದಿನ ಏಕಾದಶಿ ಎಂದು ಅವರಿಗೇನು ಗೊತ್ತು!

ಕಾಕೂನ ಏಕಾದಶಿ ಸಾಬೂದಾಣಿ ಖಿಚಡಿಯ ಏಕಾದಶಿ ಅಲ್ಲ. ತೊಟ್ಟು ನೀರೂ ಇಲ್ಲದ ಕಟ್ಟುನಿಟ್ಟಿನದು. ಪ್ರತಿ ಏಕಾದಶಿಗೂ ಅವರ ಕೈ ನಡುಗುವುದನ್ನು, ಬಾಗಿಲಿಗೂ ಕಿಟಕಿಗೂ ಓಡಾಡುವುದನ್ನು ಮನೆಯವರೆಲ್ಲ ನೋಡಿದ್ದೆವು. ಹಸಿವು ಅಂದುಕೊಂಡಿದ್ದೆವು. ಅವತ್ತು ನನ್ನ ಜೊತೆ ಕ್ಲಿನಿಕ್ಕಿಗೆ ಬಂದಾಗಲೂ ಅದೇ ನಡುಕ. ಡಾಕ್ಟರು ನೋಡಿದವರೇ ಗಾಬರಿಯಾಗಿ ನೀರು ತರಿಸಿದರು.

“ಬೆಳಗ್ಗಿನ ಗುಳಿಗೆ ತಗೊಂಡಿದ್ದೀರಾ?”

“ಇವತ್ತ ಹೆಂಗ ತಗೊಳ್ಳಿ? ಏಕಾದಶಿ!”

ಡಾಕ್ಟರು ಪೆನ್ನು ಕೆಳಗಿಟ್ಟರು.

“ಪ್ರತಿ ಸಲ ಕೇಳಿದ್ದೇನೆ ನಾನು, ದಿನಾ ತಗೊಳ್ತೀರಾ ಅಂತ. ಹೌದು ಅಂದಿದ್ದೀರಿ!”

“ದಿನಾ ತಗೋತೀನಲ್ಲ. ಏಕಾದಶಿ ಒಂದ ಬಿಟ್ಟು. ಆಮ್ಯಾಲೆ ಲೆಕ್ಕಾ ತಪ್ಪಬಾರದಂತ ದ್ವಾದಶಿ ಪಾರಣಿಗೆ ಎರಡೂ ದಿನದ್ದು ಕೂಡೇ ತಗೋತೀನಿ!” ಬಹುಮಾನ ಸಿಗಬೇಕೆನ್ನುವ ಧಾಟಿಯಲ್ಲಿ ಹೇಳಿದರು.

ತಾಳ್ಮೆಯ ಆ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. “ಎಂತದು ಮಾರಾಯ್ರೆ ನೀವು ಮಾಡಿದ್ದು! ಇಷ್ಟು ವರ್ಷದ ಗುಳಿಗೆ, ಒಮ್ಮೆಗೇ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಗೊತ್ತುಂಟಾ? ಮರುದಿನ ಡಬಲ್ ತಗೊಳ್ಳುವುದು ಬೇರೆ! ರೂಢಿ ಆದದ್ದು ಹೌದು. ಆದ್ರೆ ಹದಿನೈದು ದಿನಕ್ಕೊಮ್ಮೆ ನೀವು ಉಪವಾಸ ಹಾಕುವುದು, ದೇಹ ಬೊಬ್ಬೆ ಹೊಡೆಯುವುದು, ನೀವು ಬಂದು ಅಂಜಿಕೆ ಜಾಸ್ತಿ ಆಯ್ತು ಅಂತ ಹೇಳುವುದು, ನಾನು ಡೋಸ್ ಏರಿಸುವುದು! ನಿಮ್ಮ ಡಾಕ್ಟರು ನಾನೋ, ನಿಮ್ಮ ಪಂಚಾಂಗವೋ!”

ಒಂದೇ ಮನೆಯಲ್ಲಿದ್ದು, ಒಂದೇ ಪಾತ್ರೆಯ ಸಾರು ಉಂಡು, ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ!

ಡಾಕ್ಟರು ಕೂತು, ನಿಧಾನವಾಗಿ ಬಿಡಿಸಿ ಹೇಳಿದರು. ಮೊದಲು ಒಂದು ದಿನವೂ ತಪ್ಪದೆ ಒಂದೇ ಅಳತೆ. ದೇಹ ನೆಲೆಗೆ ನಿಂತ ಮೇಲೆ ತಿಂಗಳುಗಟ್ಟಲೆ, ಚೂರು ಚೂರೇ, ಅವರು ಹೇಳಿದಂತೆ ಇಳಿಸುವುದು. ತಾವಾಗಿ ಹೆಚ್ಚಿಸುವಂತಿಲ್ಲ, ತಾವಾಗಿ ನಿಲ್ಲಿಸುವಂತಿಲ್ಲ. ಏಕಾದಶಿಯ ದಿನವೂ ಗುಳಿಗೆ, ಗುಟುಕು ನೀರು. “ಔಷಧಿಗೆ ದೇವರ ಅಡ್ಡಿ ಇಲ್ಲ ಅಮ್ಮ.”

“ದೇವರದು ಅಡ್ಡಿ ಇಲ್ಲದಿದ್ರೂ ನಂದದ,” ಎಂದರು ಕಾಕೂ.

ಆಮೇಲೆ ಅವರು ಹೇಳಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಹಿಂದೆ ಕಾಕಾ, ಅಂದರೆ ಅವರ ಗಂಡ, ಕುರ್ಲಾದ ಹತ್ತಿರ ತುಂಬಿದ ಗಾಡಿಯಿಂದ ಬಿದ್ದಿದ್ದರಂತೆ. ಆಸ್ಪತ್ರೆಯ ಹೊರಗೆ ಕೂತು ಕಾಕೂ ಹರಕೆ ಹೊತ್ತರಂತೆ: ಈ ಮನೆಯಿಂದ ಗಾಡಿ ಹತ್ತಿ ಹೋದವರು ಎಲ್ಲರೂ ತಮ್ಮ ಕಾಲ ಮೇಲೆ ಮನೆಗೆ ಬರಲಿ, ನಾನು ಬದುಕಿರುವ ತನಕ ಏಕಾದಶಿಯ ದಿನ ಏನೂ ಬಾಯಿಗೆ ಹಾಕುವುದಿಲ್ಲ. ಕಾಕಾ ಕುಂಟುತ್ತಾ ಮನೆಗೆ ಬಂದರು, ಬಹಳ ವರ್ಷಗಳ ನಂತರ ತಮ್ಮ ಹಾಸಿಗೆಯಲ್ಲೇ ತೀರಿಕೊಂಡರು. ಅಂಜಿಕೆ ಮಾತ್ರ ಹೋಗಲಿಲ್ಲ.

“ನಾ ಗುಳಿಗಿ ನುಂಗಿ ಆರಾಮ ಮಕ್ಕೊಂಡು, ಇವರಿಗೆ ಏನರ ಆದ್ರ?” ಎಂದು ನನ್ನ ಕಡೆ ಬೆರಳು ತೋರಿಸಿದರು. ದಿನಾ ಹಾರ್ಬರ್ ಲೈನಿನ ಲೋಕಲ್ಲಿನಲ್ಲಿ ನೇತಾಡುವವಳು ನಾನಲ್ಲವೇ! ಏಕಾದಶಿ ಬಿಡುವ ಹಾಗಿದ್ದರೆ ನಿಮ್ಮ ಔಷಧಿಯೇ ಬೇಡ ಎಂದು ಚೀಲ ಹಿಡಿದು ಎದ್ದರು. ಎದ್ದು ಮನೆಗೆ ಹೋದರೆ ಮುಂದಿನ ಗತಿ ಏನೆಂದು ಡಾಕ್ಟರು ಆಗಷ್ಟೇ ಹೇಳಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಕಾಕೂ, ನಿಮ್ಮ ಬದಲಿಗೆ ನಾನು ಮಾಡ್ತೀನಿ ಏಕಾದಶಿ! ನೀವು ಗುಳಿಗೆ ತಗೊಳ್ಳಿ. ಒಬ್ಬರ ವ್ರತ ಇನ್ನೊಬ್ಬರು ಮಾಡಬಹುದಂತಲ್ಲ!”

ಹೇಳಿದವಳು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ. ವಡಾಪಾವಿನ ಗಾಡಿ ದಾಟಿ ಮುಂದೆ ಹೋಗಲಾರದ ನಾನು! ಏಕಾದಶಿ ಎಂದರೆ ಖಿಚಡಿ ಎಂದು ತಿಳಿದಿದ್ದ ನಾನು! ಕಾಕೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀನ? ನೀರೂ ಇಲ್ಲದಽ?” ಎಂದರು. ಆಮೇಲೆ ಮೆಲ್ಲಗೆ ಗುಳಿಗೆಗಾಗಿ ಕೈ ಚಾಚಿದರು.

ಮುಂದಿನ ಏಕಾದಶಿ ಬಂತು. ಬೆಳಿಗ್ಗೆ ನನ್ನೆದುರೇ ಕಾಕೂ ಗುಳಿಗೆ ನುಂಗಿದರು. ನಾನು ಒಣಬಾಯಲ್ಲಿ ಆಫೀಸಿಗೆ ಹೋದೆ. ಯಾವತ್ತೂ ಒಂದು ಬಿಸ್ಕತ್ತನ್ನೂ ಕೊಡದ ಸಹೋದ್ಯೋಗಿ ಅವತ್ತೇ ಮಗನ ಹುಟ್ಟುಹಬ್ಬವೆಂದು ಸಮೋಸ ಹಂಚಬೇಕೇ? ಮಧ್ಯಾಹ್ನಕ್ಕೆ ತಲೆನೋವು. ಸಂಜೆಯ ಗಾಡಿಯಲ್ಲಿ ಕಣ್ಣು ಕತ್ತಲೆ ಬಂದಂತಾಗಿ, ನಡುವೆ ಒಂದು ಸ್ಟೇಷನ್ನಿನಲ್ಲಿ ಇಳಿದು ಬೆಂಚಿನ ಮೇಲೆ ಕೂತೆ. ಸುಧಾರಿಸಿಕೊಂಡು ಬೇರೆ ಗಾಡಿ ಹಿಡಿದು ವಡಾಲದಲ್ಲಿ ಇಳಿದಾಗ ತಡವಾಗಿತ್ತು.

ಪ್ಲಾಟ್‌ಫಾರ್ಮಿನ ಕಂಬ ತಬ್ಬಿಕೊಂಡು ಕಾಕೂ ನಿಂತಿದ್ದರು!

ಸ್ಟೇಷನ್ನಿನ ಮೆಟ್ಟಿಲು ತುಳಿಯದ ಕಾಕೂ. ಮುಖ ಬಿಳಿಚಿಕೊಂಡಿತ್ತು, ಸೆರಗು ಬೆವರಿಗೆ ಒದ್ದೆಯಾಗಿತ್ತು. ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ನೀರಿನ ಬಾಟಲಿ. ನನ್ನನ್ನು ಕಂಡದ್ದೇ ಬೈಗುಳ ಶುರುವಾಯಿತು.

“ಎಷ್ಟ ಗಾಡಿ ಬಂದು ಹೋದ್ವು! ಒಂದರಾಗೂ ನೀ ಇಲ್ಲ! ಖಾಲಿ ಹೊಟ್ಟೀಲೆ ಬಾಗಲದಾಗ ನಿಂತಿರ್ತಿ ಅಂತ ನನ್ನ ಜೀವಾ ಹೋಗಿತ್ತು. ಹಿಡಿ, ನೀರು ಕುಡಿ.”

“ಕಾಕೂ, ಹರಕೆ... ನಾಳೆ ತನಕ...”

“ಹರಕಿದು ದೇವರ ಕೂಡ ನಾ ಮಾತಾಡ್ಕೋತೀನಿ. ಎಲ್ಲಾರೂ ಮನಿಗೆ ಬರ್ಲಿ ಅಂತ ಹೊತ್ತಿದ್ದು ಅದು. ನೀ ಬಿದ್ದಮ್ಯಾಲೆ ಹರಕಿ ತಗೊಂಡು ಏನ ಮಾಡ್ಲಿ? ಕುಡೀ!”

ಅಷ್ಟರಲ್ಲಿ ಎದುರಿಗೆ ಇನ್ನೊಂದು ಗಾಡಿ ಧಡಧಡ ಬಂತು. ಕಾಕೂ ಕಣ್ಣು ಬಿಗಿಯಾಗಿ ಮುಚ್ಚಿ, ಕಂಬ ಬಿಟ್ಟು ನನ್ನ ತೋಳು ಹಿಡಿದರು. ಅದೇ ಸದ್ದು ಒಂದರ ಹಿಂದೊಂದು ಬರುತ್ತಿದ್ದಾಗ ಅವರು ಅಲ್ಲಿ ಒಬ್ಬರೇ ನಿಂತಿದ್ದರು, ನನಗಾಗಿ. ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಬಾಟಲಿ ಪೂರ್ತಿ ಕುಡಿದೆ.

ಗಾಡಿ ಹೋಯಿತು. ಕಾಕೂ ಒಂದು ಕಣ್ಣು ತೆರೆದು ಕೇಳಿದರು: “ಹೋತೇನು?”

“ಹೋಯ್ತು ಕಾಕೂ.”

“ಹಂಗಾದ್ರ ನಡಿ, ಮನಿಗೆ ಹೋಗೋಣ,” ಎಂದರು. ತೋಳು ಮಾತ್ರ ಬಿಡಲಿಲ್ಲ.