ಆಲ್‌ಸ್ಪೈಸ್ ಎಲೆಯೂ ನನ್ನ ಹನ್ನೊಂದು ನಿಯಮಗಳೂ

ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿ. ನನಗಾಗ ಐವತ್ತನಾಲ್ಕು ವರ್ಷ. ನವಲಗುಂದದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ, ಸ್ವಯಂನಿವೃತ್ತಿ ಪಡೆದು ವರ್ಷವೊಂದು ಕಳೆದಿತ್ತು. ನೌಕರಿ ಬಿಟ್ಟಿದ್ದೆ, ಸಿಟ್ಟು ಬಿಟ್ಟಿರಲಿಲ್ಲ. ವಿಭಕ್ತಿ ತಪ್ಪಿದ ಲಗ್ನಪತ್ರಿಕೆಯನ್ನು ಕೆಂಪು ಶಾಯಿಯಿಂದ ತಿದ್ದಿ, ಕರೆಯಲು ಬಂದವರ ಕೈಗೇ ಮರಳಿ ಕೊಟ್ಟವನು ನಾನು. ಆ ಮದುವೆಯಲ್ಲಿ ನನ್ನ ಎಲೆಗೆ ಎರಡನೆಯ ಹೋಳಿಗೆ ಬೀಳಲಿಲ್ಲ; ಅದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ.

ಆದರೆ ತಪ್ಪು ವಿಭಕ್ತಿಗಿಂತಲೂ ಹೆಚ್ಚು ನನ್ನ ರಕ್ತ ಕುದಿಸುವುದು ಪುಕ್ಕಟೆ ವೈದ್ಯ. ಮೊರಬದಿಂದ ಬಸ್ಸಿನಲ್ಲಿ ಬರುವಾಗ ಒಮ್ಮೆ ಮೊಣಕಾಲು ಒತ್ತಿಕೊಂಡೆ, ಅಷ್ಟೇ. ಟಿಕೇಟು ಕೈಗೆ ಬರುವುದರೊಳಗೆ ಮೂರು ಔಷಧಗಳು ಬಂದವು. ನಾಲ್ಕನೆಯದನ್ನು ಕಂಡಕ್ಟರನೇ ಹೇಳಿದ. ಎಷ್ಟು ಹಾಕಬೇಕೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಒಂದ್ ಹಿಡಿ ಹಾಕ್ರಿ." ಯಾರ ಹಿಡಿ? ಪೈಲ್ವಾನನದೋ, ಬಾಣಂತಿಯದೋ? ಈ ಪ್ರಶ್ನೆ ಕೇಳಿದ್ದಕ್ಕೆ ಬಸ್ಸಿಗೆ ಬಸ್ಸೇ ನನ್ನನ್ನು ಮರುಕದಿಂದ ನೋಡಿತು.

ಪಕ್ಕದ ಮನೆಯ ಈರಪ್ಪಣ್ಣ ಈ ಹಿಡಿ ಪಂಥದ ಹಿರಿಯರು. ಎರಡು ವರ್ಷದ ಹಿಂದೆ ಹೃದಯದ ಕವಾಟವೊಂದನ್ನು ಬದಲಾಯಿಸಿಕೊಂಡವರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನು ದಿನವೂ ನುಂಗಬೇಕು, ತಿಂಗಳಿಗೊಮ್ಮೆ ರಕ್ತ ತಪಾಸಣೆಗೆ ಹುಬ್ಬಳ್ಳಿಗೆ ಹೋಗಬೇಕು. ಗುಳಿಗೆಯ ಪ್ರಭಾವ ಹೆಚ್ಚಾದರೆ ರಕ್ತ ಸೋರುತ್ತದೆ, ಕಡಿಮೆಯಾದರೆ ಕವಾಟ ಕೆಡುತ್ತದೆ. ಇಂಥ ಮನುಷ್ಯ ಅಳ್ನಾವರದ ನರ್ಸರಿಯಿಂದ ಆಲ್‌ಸ್ಪೈಸ್ ಗಿಡವೊಂದನ್ನು ತಂದು ಹಿತ್ತಲಲ್ಲಿ ಬೆಳೆಸಿದರು. ಅದರ ಎಲೆಯನ್ನು ಹಿಸುಕಿದರೆ ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಮೂರೂ ಒಟ್ಟಿಗೆ ಮೂಗಿಗೆ ಬರುತ್ತವೆ. ಪಲಾವಿಗೆ ಒಂದೆಲೆ ಹಾಕಿ ಸುಮ್ಮನಿದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅವರು ಒಂದು ಹಿಡಿ ಎಲೆಯನ್ನು ನೀರು ಕಪ್ಪಾಗುವವರೆಗೆ ಕುದಿಸಿ, ಹೊತ್ತಿಗೊಂದು ಲೋಟದಂತೆ ಕುಡಿಯತೊಡಗಿದರು.

"ಈರಪ್ಪಣ್ಣ, ರಕ್ತ ತೆಳು ಮಾಡೋ ಗುಳಿಗಿ ತಗೋಳೋರು ನೀವು. ಅದರ ಜೋಡಿ ಈ ಕಷಾಯ ಬ್ಯಾಡಂತ ಎಷ್ಟ್ ಸಲ ಹೇಳ್ಬೇಕ್ರಿ?" ಎಂದು ಗೋಡೆಯ ಈಚೆಯಿಂದ ಕೂಗಿದೆ.

"ಗಿಡದ ಎಲಿ ರೀ ಮಾಸ್ತರ, ಹಾವಿನ ಹಲ್ಲಲ್ಲ."

"ದತ್ತೂರಿನೂ ಗಿಡಾನ ರೀ!"

"ಅದನ್ನ ಯಾಂವ ಕುಡೀತಾನ? ನೀವು ಅಗದಿ ಸಾಲ್ಯಾಗ ಮಾತಾಡಿದಂಗ ಮಾತಾಡ್ತೀರಿ ನೋಡ್ರಿ. ಬೆಂಚಿನ ಮ್ಯಾಲ ನಿಲ್ಲಸ್ತೀರೇನ್ ನನ್ನ?"

ಹೇಳಿದ್ದನ್ನು ಕೇಳದವರಿಗೆ ಬರೆದು ಕೊಡಬೇಕೆಂಬುದು ನನ್ನ ವೃತ್ತಿಧರ್ಮ. ನಾಲ್ಕಾರು ಕಡೆ ಓದಿ, ಪರಿಚಯದ ವೈದ್ಯರೊಬ್ಬರನ್ನು ಕೇಳಿ, ಹನ್ನೊಂದು ನಿಯಮಗಳನ್ನು ದುಂಡಾಗಿ ಬರೆದೆ. ಲೋಟ ನೀರಿಗೆ ಒಂದೇ ಎಲೆ; ಊಟದ ನಂತರವೇ; ಹೊಟ್ಟೆ ಉರಿದರೆ ಅಂದೇ ನಿಲ್ಲಿಸತಕ್ಕದ್ದು; ಅದರ ಎಣ್ಣೆಯನ್ನು ನುಂಗತಕ್ಕದ್ದಲ್ಲ; ಗರ್ಭಿಣಿಯರೂ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರೂ ವೈದ್ಯರನ್ನು ಕೇಳದೆ ಕುಡಿಯತಕ್ಕದ್ದಲ್ಲ. ರಕ್ತದ ಗುಳಿಗೆಯವರು ಸುತರಾಂ ಕುಡಿಯತಕ್ಕದ್ದಲ್ಲವೆಂಬ ಏಳನೆಯ ನಿಯಮಕ್ಕೆ ಎರಡು ಗೆರೆ ಎಳೆದೆ. ಈರಪ್ಪಣ್ಣ ಕಾಗದವನ್ನು ದೂರ ಹಿಡಿದು ನೋಡಿ, "ಮುತ್ತಿನಂಥಾ ಅಕ್ಷರ ರೀ ಮಾಸ್ತರ" ಎಂದರು. ನಿಯಮದ ಬಗ್ಗೆ ಚಕಾರವೆತ್ತಲಿಲ್ಲ.

ನನಗೆ ಹೊಟ್ಟೆಯುಬ್ಬರದ ತೊಂದರೆಯುಂಟು. ನಿಯಮಬದ್ಧ ಜೀವನವೆಂದರೆ ಏನೆಂದು ಓಣಿಗೆ ತೋರಿಸುವ ಸಲುವಾಗಿ ಅವರ ಗಿಡದ್ದೇ ಎಲೆ ತರಿಸಿ, ನಾನೇ ಆ ಕಷಾಯವನ್ನು ಅಳತೆಯಿಂದ ಕುಡಿಯತೊಡಗಿದೆ. ಲೋಟವನ್ನು ಗೋಡೆಯ ಮೇಲೆತ್ತಿ, "ಅಳತಿಗೆ ಮಾಡಿದ್ರ ಏನೂ ಅಪಾಯಿಲ್ಲ! ನಮ್ಮನ್ಯಾಗಿಂದು ನೋಡ್ರಿ, ಇದಕ್ಕ ಕಷಾಯ ಅಂತಾರ!" ಎಂದು ಆಚೆಯವರಿಗೆ ಕೇಳುವಂತೆ ಸಾರಿದೆ. ಒಂದೆರಡು ದಿನವಲ್ಲ, ಪೂರ್ತಿ ಒಂದು ವಾರ ಸಾರಿದೆ.

ಎಂಟನೆಯ ದಿನ ಬೆಳಿಗ್ಗೆ ಈರಪ್ಪಣ್ಣನ ಮೂಗಿನಿಂದ ರಕ್ತ ಬರತೊಡಗಿತು. ಅರ್ಧ ತಾಸಾದರೂ ನಿಲ್ಲಲಿಲ್ಲ. ಅವರನ್ನೂ ಅವರ ಹೆಂಡತಿ ಶಾಂತವ್ವನನ್ನೂ ನನ್ನ ಕಾರಿನಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಓಡಿದೆ. ದಾರಿಯುದ್ದಕ್ಕೂ ನನ್ನ ಬಾಯಿ ಮುಚ್ಚಲಿಲ್ಲ. ಮೂಗಿಗೆ ಟವೆಲ್ ಒತ್ತಿಕೊಂಡ ಮನುಷ್ಯ ತಿರುಗಿ ಮಾತಾಡಲಾರನೆಂಬ ಅನುಕೂಲವನ್ನು, ನಾಚಿಕೆಗೇಡು, ಪೂರ್ತಿಯಾಗಿ ಬಳಸಿಕೊಂಡೆ. ಒಳಗೆ ಮಾತ್ರ ಭಯವಿತ್ತು. ಟವೆಲ್ಲಿನ ಕೆಂಪು ಹರಡುತ್ತ ಹೋದಂತೆ ನನ್ನ ದನಿಯೂ ಏರುತ್ತ ಹೋಯಿತು.

ಮೂಗಿಗೆ ಬತ್ತಿ ತುರುಕಿ, ರಕ್ತ ಪರೀಕ್ಷಿಸಿದ ವೈದ್ಯೆ, "ರಕ್ತ ಭಾಳ ತೆಳು ಆಗೇದ. ಗುಳಿಗಿ ಬಿಟ್ಟು ಮತ್ತೇನರೆ ತಗೋತಿದ್ರೇನ್ರಿ?" ಎಂದು ಕೇಳಿದರು. ಉತ್ತರ ನನ್ನ ಬಳಿ ಸಿದ್ಧವಿತ್ತು. "ಹಿಡಿಗಟ್ಟಲೆ ಕಷಾಯ ರೀ! ಏಳನೇ ನಿಯಮ..." ಎಂದು ಶುರು ಮಾಡಿದೆ.

"ತಡೀರಿ ಮಾಸ್ತರ," ಎಂದು ಶಾಂತವ್ವ ಅಡ್ಡ ಬಂದರು. "ನಿಮ್ಮ ಚೀಟಿ ಓದಿ ಹೆದರಿ ನಾನ ನಮ್ಮನ್ಯಾಗ ಕುದಸೂದು ಬಿಡಿಸಿದೆ. ಇವರು ಈ ವಾರ ಪೂರಾ ಕುಡದಿದ್ದು ನಿಮ್ಮನಿದು. ನಿಮ್ಮ ಹೊಟ್ಟಿಗಂತ ಅಳತಿಲೇ ಮಾಡಿದ್ದು, ಅಪಾಯಿಲ್ಲಂತ ದಿನಾ ಸಾರತಿದ್ರಲ್ಲ."

ಶಾಂತವ್ವ ದಿನವೂ ನಮಗೆ ಒಂದು ತಂಬಿಗೆ ಮಜ್ಜಿಗೆ ಕಳಿಸುತ್ತಾರೆ. ಬಂದ ತಂಬಿಗೆಯನ್ನು ಬರಿದಾಗಿ ಮರಳಿಸುವುದು ನಮ್ಮ ಕಡೆ ಯಾವ ಮನೆಯಲ್ಲೂ ಇಲ್ಲ. ಮೊದಲೆಲ್ಲ ನನ್ನ ಹೆಂಡತಿ ಸುಶೀಲಾ ಅದರಲ್ಲಿ ಹಿಡಿ ಶೇಂಗಾವನ್ನೋ ಬೆಲ್ಲದ ತುಣುಕನ್ನೋ ಹಾಕುತ್ತಿದ್ದಳು. ಆ ವಾರ ಕಷಾಯ ತುಂಬಿ ಕಳಿಸಿದ್ದಳು. ಎಲೆ ಅವರ ಗಿಡದ್ದು, ಅಳತೆ ಮಾಸ್ತರದು, ಇನ್ನೇನು ಬೇಕು? ಈರಪ್ಪಣ್ಣ ನಂಬಿಕೆಯಿಂದ ತಂಬಿಗೆಯನ್ನು ಖಾಲಿ ಮಾಡಿದ್ದರು.

ವೈದ್ಯೆ ನನ್ನತ್ತ ತಿರುಗಿದರು. "ಇದರಿಂದನ ಆತು ಅಂತ ನಾ ಖಾತ್ರಿ ಹೇಳಾಂಗಿಲ್ಲ. ಆದ್ರ ಈ ಗುಳಿಗಿ ಜೋಡಿ ಅದು ಬ್ಯಾಡಽ ಬ್ಯಾಡ. ನಿಮ್ಮ ಹೊಟ್ಟಿಗೆ ಹೊಂದಿದ ಅಳತಿ ಇವರ ರಕ್ತಕ್ಕ ಹೊಂದೂದಿಲ್ಲ. ಅಪಾಯಿಲ್ಲ ಅಂತ ಊರಿಗೆಲ್ಲ ಸಾರಿದವರು ಯಾರು?"

ಮೂಗಿಗೆ ಬತ್ತಿ ತುಂಬಿಕೊಂಡಿದ್ದ ಈರಪ್ಪಣ್ಣ ಗೊಗ್ಗರು ದನಿಯಲ್ಲಿ, "ಬಿಡ್ರಿ ಡಾಕ್ಟರ್, ಮಾಸ್ತರು ಚಲೋದಕ್ಕ ಹೇಳ್ಯಾರ" ಎಂದರು. ಆ ಹೊತ್ತಿಗೆ ಅವರು ನನ್ನನ್ನು ಬೈದಿದ್ದರೆ ಎಷ್ಟು ಉಪಕಾರವಾಗುತ್ತಿತ್ತು!

ಮನೆಗೆ ಬಂದು ಸುಶೀಲಾಳ ಮೇಲೆ ಹರಿಹಾಯ್ದೆ. ಅವಳು ಅಕ್ಕಿ ಆರಿಸುತ್ತಲೇ, "ಏನೂ ಅಪಾಯಿಲ್ಲಂತ ಗ್ವಾಡಿ ಮ್ಯಾಲ ಕೈ ಎತ್ತಿ ಒದರಿದವರು ನೀವ. ಆ ವಾರ ನನಗೂ ಕೇಳಸ್ತಿತ್ರಿ" ಎಂದಳು. ಬೈಯಲು ಉಳಿದವರು ಯಾರೆಂದು ಹುಡುಕಿದೆ. ಶಾಂತವ್ವ ನಿಯಮ ಪಾಲಿಸಿದ್ದರು, ಸುಶೀಲಾ ಸಂಪ್ರದಾಯ ಪಾಲಿಸಿದ್ದಳು, ಈರಪ್ಪಣ್ಣ ನನ್ನನ್ನು ನಂಬಿದ್ದರು. ಸಿಟ್ಟು ಮಾತ್ರ ಒಂದಿಷ್ಟೂ ಇಳಿದಿರಲಿಲ್ಲ.

ಗುಳಿಗೆಯ ಪ್ರಮಾಣ ಹೊಂದಿಸಿ, ಮತ್ತೆರಡು ಸಲ ಪರೀಕ್ಷೆ ಮಾಡಿದ ಮೇಲೆ, ಈರಪ್ಪಣ್ಣನ ರಕ್ತ ಹದಕ್ಕೆ ಬಂದಿದೆಯೆಂದು ವೈದ್ಯೆ ಹೇಳಿದರು. ಎರಡೂ ಸಲ ಕಾರು ನಡೆಸಿದವನು ನಾನೇ. ಹೋಗುವಾಗಲೂ ಬರುವಾಗಲೂ ಮಾತಾಡಿದವರು ಅವರೇ. ಹೀಗೆ ಅವರ ಜೀವ ಉಳಿದದ್ದೂ, ನನ್ನ ಸಿಟ್ಟಿಗೆ ನಾನೊಬ್ಬನೇ ವಾರಸುದಾರನೆಂದು ತೀರ್ಮಾನವಾದದ್ದೂ ಒಂದೇ ದಿನ, ಆಸ್ಪತ್ರೆಗೆ ಓಡಿದ ಆ ದಿನವೇ: ೨೦೨೪ನೆಯ ಇಸವಿ ಮಾರ್ಚ್ ೧೪, ಗುರುವಾರ.